ಮನಸ್ಸಿಗೆ ಮುಟ್ಟುವ ಉಡುಗೊರೆ ಕೊಡುವುದು ಹೇಗೆ: ಮಾತು ಕೇಳಿಸಿಕೊಳ್ಳುವುದರಿಂದ ಸೀರೆಗೆ ಕುಚ್ಚು ಕಟ್ಟಿಸುವವರೆಗೆ

ಉಡುಗೊರೆ ಅಂದ ತಕ್ಷಣ ತಲೆಗೆ ಮೊದಲು ಬರುವುದು ದುಡ್ಡಿನ ಲೆಕ್ಕ. ಐನೂರರೊಳಗೆ ಮುಗಿಸೋಣವಾ, ಎರಡು ಸಾವಿರವಾದರೂ ಆಗಬೇಕಾ? ಆಮೇಲೆ ತುಮಕೂರಿನ ಎಂ.ಜಿ. ರಸ್ತೆಯಲ್ಲೋ ಚಿಕ್ಕಪೇಟೆಯಲ್ಲೋ ಒಂದು ಅಂಗಡಿ ಹೊಕ್ಕು, ಆ ಲೆಕ್ಕಕ್ಕೆ ಹೊಂದುವ ಗೋಡೆ ಗಡಿಯಾರವನ್ನೋ ಗಾಜಿನ ಲೋಟಗಳನ್ನೋ ಬಣ್ಣದ ಕಾಗದದಲ್ಲಿ ಸುತ್ತಿಸಿಕೊಂಡು ಬರುತ್ತೇವೆ. ಹೊತ್ತಿಗೆ ಅದೂ ಬೇಕಾಗುತ್ತದೆ. ಆದರೆ ಅಜ್ಜಿಗೆ, ಅತ್ತಿಗೆಗೆ, ಮದುವೆಯಾಗಿ ಬೆಂಗಳೂರು ಸೇರಿದ ತಂಗಿಗೆ ಕೊಡುವಾಗ ಇಷ್ಟು ಸಾಲದು.

ಈ ಬರಹದಲ್ಲಿ ನಾನು ಹಿಡಿದಿರುವ ನಿಯಮ ಒಂದೇ. ಉಡುಗೊರೆಯ ಹಿಂದಿರುವ ಕೆಲಸವನ್ನೆಲ್ಲ ಕೊಡುವವರೇ ಮುಗಿಸಿರಬೇಕು. ತೆಗೆದುಕೊಂಡವರಿಗೆ ಬಳಸುವುದು, ತಿನ್ನುವುದು, ಉಡುವುದು ಮಾತ್ರ ಬಾಕಿ ಇರಬೇಕು. ಕೊಡುವ ಖುಷಿ ನಮಗೆ ಸಿಗುವುದೂ ಈ ಕೆಲಸ ಮಾಡುವ ಹೊತ್ತಿನಲ್ಲೇ. ಅವರ ನೆನಪಿನಲ್ಲೇ ಕೈ ಆಡುತ್ತಿರುತ್ತದಲ್ಲ, ಆಗ.

ಮೊದಲ ಹೆಜ್ಜೆ: ಮುಯ್ಯಿಯ ಲೆಕ್ಕ ಪಕ್ಕಕ್ಕಿಡಿ

ನಮ್ಮ ಕಡೆ ಮದುವೆ ಮನೆಗಳಲ್ಲಿ ಮುಯ್ಯಿ ಬರೆಯುವ ಪುಸ್ತಕ ಇರುತ್ತದೆ. ಯಾರು ಎಷ್ಟು ಹಾಕಿದರು ಅಂತ ಬರೆದಿಟ್ಟು, ಅವರ ಮನೆಯಲ್ಲಿ ಕಾರ್ಯವಾದಾಗ ಅಷ್ಟೋ, ಅದಕ್ಕಿಂತ ಒಂದಿಷ್ಟು ಜಾಸ್ತಿಯೋ ಹಿಂದಿರುಗಿಸುತ್ತೇವೆ. ಇದು ಒಳ್ಳೆಯ ಪದ್ಧತಿ. ಖರ್ಚಿನ ಹೊತ್ತಿಗೆ ನೆಂಟರಿಷ್ಟರೆಲ್ಲ ಸೇರಿ ಕೈ ಕೊಟ್ಟಂತಾಗುತ್ತದೆ. ಅದನ್ನು ತಪ್ಪಿಸಬೇಡಿ. ಕವರಿಗೆ ಒಂದು ರೂಪಾಯಿ ನಾಣ್ಯ ಸೇರಿಸಿ ಹಾಕಿಬಿಡಿ.

ಪ್ರೀತಿಯಿಂದ ಕೊಡುವುದನ್ನು ಮಾತ್ರ ಆ ಪುಸ್ತಕದಲ್ಲಿ ಬರೆಸಬೇಡಿ. ವೇದಿಕೆಯ ಮೇಲೆ ಸಾಲಿನಲ್ಲಿ ನಿಂತು ಕೊಡುವುದೂ ಬೇಡ. ಮದುವೆಯ ಗಲಾಟೆಯಲ್ಲಿ ಹುಡುಗ ಹುಡುಗಿಗೆ ಯಾರು ಏನು ಕೊಟ್ಟರು ಅಂತ ನೆನಪಿರುವುದಿಲ್ಲ. ಹೊಸ ಮನೆ ಹೂಡಿ ಒಂದು ತಿಂಗಳಾದ ಮೇಲೆ ಹೋಗಿ ನೋಡಿ. ಚಪಾತಿ ಮಣೆ ಇಲ್ಲ, ಇಡ್ಲಿ ಪಾತ್ರೆ ಇಲ್ಲ, ಕರೆಂಟ್ ಹೋದರೆ ಹಚ್ಚಲು ದೀಪವಿಲ್ಲ ಅನ್ನುವುದು ಅಷ್ಟು ಹೊತ್ತಿಗೆ ಅವರಿಗೂ ಗೊತ್ತಾಗಿರುತ್ತದೆ, ನಿಮಗೂ ಕಾಣುತ್ತದೆ.

ಎರಡನೇ ಹೆಜ್ಜೆ: ಗೊಣಗಾಟ ಕೇಳಿಸಿಕೊಳ್ಳಿ

‘ನಿಮಗೇನು ಬೇಕು?’ ಅಂತ ನೇರವಾಗಿ ಕೇಳಿದರೆ ನಮ್ಮ ಹಿರಿಯರು ಹೇಳುವುದು ಒಂದೇ ಮಾತು. ‘ನಂಗೇನಪ್ಪಾ ಬೇಕು, ನೀವು ಚೆನ್ನಾಗಿದ್ದರೆ ಸಾಕು.’ ಆದರೆ ಅದೇ ಅಜ್ಜಿ ಸಂಜೆ ಹೊತ್ತು ‘ಈ ಸ್ಟೀಲ್ ಲೋಟ ಬಿಸಿ ಕಾಫಿಗೆ ಕೈ ಸುಡುತ್ತೆ’ ಅನ್ನುತ್ತಾರೆ. ಚಿಕ್ಕಮ್ಮ ‘ರೈಲಲ್ಲಿ ಬಾಟಲಿ ನೀರು ಬಿಸಿಯಾಗಿಬಿಡುತ್ತೆ ಕಣೇ’ ಅನ್ನುತ್ತಾರೆ. ಭಾವ ‘ಕನ್ನಡಕ ಎಲ್ಲಿಟ್ಟೆ’ ಅಂತ ದಿನಾ ಹುಡುಕುತ್ತಾರೆ. ಬೇಕಾದ್ದು ಏನು ಅನ್ನುವುದು ಇಂಥ ಗೊಣಗಾಟದಲ್ಲೇ ಇರುತ್ತದೆ.

ಕೇಳಿದ ದಿನವೇ ಬರೆದಿಡಿ. ಮೊಬೈಲಿನಲ್ಲಿ ಒಬ್ಬೊಬ್ಬರ ಹೆಸರಿಗೆ ಒಂದು ಪುಟ ಸಾಕು. ಹಬ್ಬ ಹತ್ತಿರ ಬಂದಾಗ ನೆನಪು ಮಾಡಿಕೊಳ್ಳಲು ಕೂತರೆ ಒಂದೂ ಹೊಳೆಯುವುದಿಲ್ಲ. ಅದೇ ಪುಟದಲ್ಲಿ ಅಳತೆಗಳೂ ಇರಲಿ. ಬಳೆ 2.4 ಅಥವಾ 2.6, ಚಪ್ಪಲಿ ಎಷ್ಟನೇ ನಂಬರು, ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ, ಯಾವ ಬಣ್ಣ ಕಂಡರೆ ಆಗುವುದಿಲ್ಲ. ಅವರನ್ನು ಕೇಳದೆ ಮನೆಯ ಮಕ್ಕಳನ್ನು ಕೇಳಿ. ಮಕ್ಕಳಿಗೆ ಎಲ್ಲ ಗೊತ್ತಿರುತ್ತದೆ.

ಅವರ ಮನೆಗೆ ಹೋದಾಗ ಕಣ್ಣೂ ತೆರೆದಿರಲಿ. ದಾರ ಕಟ್ಟಿಕೊಂಡು ಹಾಕುತ್ತಿರುವ ಕನ್ನಡಕ, ಹೊಲಿದು ಹೊಲಿದು ಹಾಕುತ್ತಿರುವ ಚೀಲ, ಅಲಗು ಅಲುಗಾಡುವ ಈಳಿಗೆ ಮಣೆ. ಬಿಸಾಡದೆ ರಿಪೇರಿ ಮಾಡಿಕೊಂಡು ಬಳಸುತ್ತಿದ್ದಾರೆ ಅಂದರೆ ಆ ವಸ್ತು ಅವರಿಗೆ ದಿನವೂ ಬೇಕು ಅಂತ ಅರ್ಥ. ಕೆಲವು ಸಲ ಹೊಸದು ಕೊಡುವುದಕ್ಕಿಂತ ಹಳೆಯದನ್ನೇ ತೆಗೆದುಕೊಂಡು ಹೋಗಿ ಗಟ್ಟಿಯಾಗಿ ರಿಪೇರಿ ಮಾಡಿಸಿ ತಂದುಕೊಡುವುದು ದೊಡ್ಡ ಉಡುಗೊರೆ. ತಾತನ ಕಾಲದ ಈಳಿಗೆ ಮಣೆಗೆ ಹೊಸದು ಯಾವುದೂ ಸಾಟಿ ಬರುವುದಿಲ್ಲ.

ಮೂರನೇ ಹೆಜ್ಜೆ: ನಮ್ಮ ಸೀಮೆಯ ಕಾಲಕ್ಕೆ ತಕ್ಕ ಹಾಗೆ ಕೊಡಿ

ಮನೆ ತುಂಬ ಸಾಮಾನು ಇರುವವರಿಗೆ ತಿಂದು ಮುಗಿಯುವ ವಸ್ತುವೇ ವಾಸಿ. ಇದರಲ್ಲಿ ತುಮಕೂರಿನವರಿಗೆ ಕೊರತೆಯೇ ಇಲ್ಲ. ಡಿಸೆಂಬರ್‌ನಿಂದ ಆಷಾಢದವರೆಗೆ ಒಂದಾದ ಮೇಲೊಂದು ಬರುತ್ತಲೇ ಇರುತ್ತವೆ.

ಚಳಿಗಾಲದಲ್ಲಿ ಅವರೆಕಾಯಿ. ಊರಿಂದ ಬೆಂಗಳೂರಿಗೆ ಒಂದು ಚೀಲ ಅವರೆಕಾಯಿ ಕಳಿಸುವವರು ಬೇಕಾದಷ್ಟು ಜನ. ಆದರೆ ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಬರುವ ತಂಗಿ ಆ ಚೀಲ ನೋಡಿ ಏನು ಮಾಡಬೇಕು? ಅವಳಿಗೆ ಹಿತಕಿದ ಬೇಳೆ ಮಾಡಿ ಕೊಡಿ. ಸೊಗಡಿರುವ ಬಲಿತ ಕಾಯಿ ನೋಡಿ ತನ್ನಿ. ಸುಲಿದು, ಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಮನೆಮಂದಿಯೆಲ್ಲ ಸುತ್ತ ಕೂತು, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿತುಕಿದರೆ ಬೇಳೆ ಚಿಮ್ಮಿಕೊಂಡು ಬರುತ್ತದೆ. ನೀರು ಪೂರ್ತಿ ಬಸಿದು, ಒಂದು ಸಾರಿಗೆ ಆಗುವಷ್ಟನ್ನು ಒಂದೊಂದು ಡಬ್ಬಿಗೆ ತುಂಬಿ. ಫ್ರಿಜ್ಜಿನಲ್ಲಿ ಒಂದೆರಡು ದಿನ ಇರುತ್ತದೆ, ಫ್ರೀಜರಿನಲ್ಲಿ ಇನ್ನೂ ಹೆಚ್ಚು. ಅವಳು ರಾತ್ರಿ ಬಂದು ಡಬ್ಬಿ ತೆಗೆದು ನೇರವಾಗಿ ಒಗ್ಗರಣೆಗೆ ಹಾಕಬಹುದು. ಅದನ್ನು ತಿನ್ನುವಾಗ ಅವಳಿಗೆ ತವರಿನ ಜಗುಲಿ ಕಾಣದೆ ಇರುತ್ತದೆಯೇ?

ಸಂಕ್ರಾಂತಿಗೆ ಎಳ್ಳು ಬೆಲ್ಲ. ಕೊಬ್ಬರಿಗೆ ತಿಪಟೂರು ಇದೆ. ಬಲಿತ ಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಟ್ಟು, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಅಲುಗಾಡುವ ಹಾಗೆ ಆದ ಮೇಲೆ ಸುಲಿದ ಉಂಡೆ ಕೊಬ್ಬರಿ ಅದು. ಹೊರಗಿನ ಕಂದು ಸಿಪ್ಪೆಯನ್ನು ಹೆರೆದು ತೆಗೆದು, ಸಣ್ಣಗೆ ಒಂದೇ ಅಳತೆಗೆ ಹೆಚ್ಚಿ, ಬಿಸಿಲಿಗೆ ಹಾಕಿ. ಅಚ್ಚು ಬೆಲ್ಲವನ್ನೂ ಹಾಗೇ ಹೆಚ್ಚಿ ಒಣಗಿಸಿ. ಕಡಲೆಕಾಯಿ ಬೀಜ ಹುರಿದು ಸಿಪ್ಪೆ ಹಾರಿಸಿ. ಎಳ್ಳು, ಹುರಿಗಡಲೆ ಬೇರೆ ಬೇರೆ ಇರಲಿ. ಎಲ್ಲವನ್ನೂ ಬೆರೆಸುವುದು ಹಬ್ಬದ ಹಿಂದಿನ ದಿನ ಮಾತ್ರ. ಮೊದಲೇ ಬೆರೆಸಿದರೆ ಬೆಲ್ಲ ಬೆವರಿ ಎಳ್ಳು ಮೆತ್ತಿಕೊಳ್ಳುತ್ತದೆ. ಅಂಗಡಿಯಲ್ಲಿ ಬೆರೆಸಿದ ಪೊಟ್ಟಣ ಸಿಗುತ್ತದೆ, ನಿಜ. ಮನೆಯಲ್ಲಿ ಹೆಚ್ಚಿದ ಕೊಬ್ಬರಿಯನ್ನು ಬಾಯಿಗೆ ಹಾಕಿಕೊಂಡವರಿಗೆ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ.

ಶಿವರಾತ್ರಿ ಆಸುಪಾಸಿನಿಂದ ಹೊಸ ಹುಣಸೆಹಣ್ಣು ಬರತೊಡಗುತ್ತದೆ. ಹುಣಸೆಗೆ ತುಮಕೂರು ಹೆಸರಾದ ಸೀಮೆ. ಓಡು ಒಡೆದು, ನಾರು ಎಳೆದು, ಬೀಜ ತೆಗೆದು, ಬಿಸಿಲಲ್ಲಿ ಒಣಗಿಸಿ, ಕಲ್ಲುಪ್ಪು ಸೇರಿಸಿ ಒತ್ತಿ ತುಂಬಿದ ಒಂದು ಜಾಡಿ ಕೊಟ್ಟು ನೋಡಿ. ಗಾಜಿನದೋ ಪಿಂಗಾಣಿಯದೋ ಆಗಲಿ. ಹುಳಿ ಲೋಹವನ್ನು ತಿನ್ನುತ್ತದೆ, ಹಾಗಾಗಿ ಲೋಹದ ಡಬ್ಬಿ ಬೇಡ. ಆ ಮನೆಯವರು ಪ್ರತಿ ದಿನ ಸಾರು ಮಾಡುವಾಗ ನಿಮ್ಮನ್ನು ನೆನೆಯುತ್ತಾರೆ.

ಆಮೇಲೆ ಹಲಸು. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತ ಕುಟುಂಬವೊಂದರ ತೋಟದಲ್ಲಿದ್ದ ಕೆಂಪು ತೊಳೆಯ ಮರವೇ ‘ಸಿದ್ದು’ ತಳಿಯಾಗಿ ನಾಡಿಗೆಲ್ಲ ಗೊತ್ತಾಯಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ಗುರುತಿಸಿ ಬೆಳೆಸಿತು. ಫ್ಲ್ಯಾಟಿನಲ್ಲಿರುವವರಿಗೆ ಇಡೀ ಹಣ್ಣು ಹೊತ್ತುಕೊಂಡು ಹೋಗಬೇಡಿ. ಅವರ ಹತ್ತಿರ ಕತ್ತಿಯೂ ಇರುವುದಿಲ್ಲ, ಅಂಟು ಬಿಡಿಸುವ ವ್ಯವಧಾನವೂ ಇರುವುದಿಲ್ಲ. ಕೈಗೂ ಕತ್ತಿಗೂ ಎಣ್ಣೆ ಹಚ್ಚಿಕೊಂಡು ನೀವೇ ಬಿಡಿಸಿ, ತೊಳೆಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ. ಬೀಜಗಳನ್ನು ತೊಳೆದು ಒರೆಸಿ ಬೇರೆ ಪೊಟ್ಟಣದಲ್ಲಿ ಕೊಡಿ, ಸಾರಿಗೆ ಆಗುತ್ತವೆ.

ನಾಲ್ಕನೇ ಹೆಜ್ಜೆ: ಸೀರೆ ಕೊಡುವುದಾದರೆ ಉಡುವ ಹಾಗೆ ಕೊಡಿ

ಬೀರುವಿನಲ್ಲಿ ಮಡಿಕೆ ಬಿಚ್ಚದೆ ಕೂತಿರುವ ಸೀರೆಗಳಲ್ಲಿ ಜಾಸ್ತಿ ಉಡುಗೊರೆ ಬಂದವೇ. ಕಾರಣ ಇಷ್ಟೇ. ಫಾಲ್ ಹಾಕಿಸಬೇಕು, ಕುಚ್ಚು ಕಟ್ಟಿಸಬೇಕು, ರವಿಕೆ ಹೊಲಿಸಬೇಕು. ಇದಕ್ಕೆಲ್ಲ ಓಡಾಟ ಬೇಕು, ಮೇಲಿಂದ ಖರ್ಚೂ ಬೇಕು. ‘ಮುಂದಿನ ಹಬ್ಬಕ್ಕೆ ಮಾಡಿಸೋಣ’ ಅಂತ ಒಳಗಿಟ್ಟಿದ್ದು ಅಲ್ಲೇ ಉಳಿದುಬಿಡುತ್ತದೆ.

ಹಾಗಾಗಿ ಹಬ್ಬಕ್ಕೆ ಒಂದು ತಿಂಗಳಾದರೂ ಮುಂಚೆ ಸೀರೆ ತನ್ನಿ. ಫಾಲ್ ಬಟ್ಟೆಯನ್ನು ಮೊದಲು ನೀರಿಗೆ ಹಾಕಿ ಒಣಗಿಸಿ ಆಮೇಲೆ ಹೊಲಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಅಂಚು ಸುಕ್ಕಾಗುತ್ತದೆ. ಕುಚ್ಚು ಕಟ್ಟುವವರ ಹತ್ತಿರ ಗೌರಿ ಹಬ್ಬ, ದೀಪಾವಳಿ ಹೊತ್ತಿಗೆ ಸೀರೆಗಳ ರಾಶಿ ಬಿದ್ದಿರುತ್ತದೆ, ಮುಂಚೆಯೇ ಕೊಟ್ಟುಬಿಡಿ. ರವಿಕೆಗೆ ಅವರ ಮಗಳ ಮೂಲಕ ಒಂದು ಅಳತೆ ರವಿಕೆ ತರಿಸಿಕೊಳ್ಳಿ. ಇಷ್ಟೂ ಮಾಡಿ ಕೊಟ್ಟರೆ ಅವರು ಅದನ್ನು ಅದೇ ಹಬ್ಬಕ್ಕೆ ಉಡುತ್ತಾರೆ. ನೀವು ಕೊಟ್ಟ ಸೀರೆಯಲ್ಲಿ ಅವರು ಬಾಗಿಲಿಗೆ ಬಂದು ನಿಲ್ಲುವುದನ್ನು ನೋಡುವ ಸಂತೋಷಕ್ಕೆ ಇಷ್ಟು ಓಡಾಟ ಏನೂ ಅಲ್ಲ.

ರೇಷ್ಮೆ ತೆಗೆಯುವವರು ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡಿ. ಅನುಮಾನವಿದ್ದರೆ ಸೆರಗಿನ ತುದಿಯ ಒಂದೆರಡು ಎಳೆ ಸುಟ್ಟು ನೋಡಬಹುದು. ನಿಜವಾದ ರೇಷ್ಮೆ ಸುಟ್ಟ ಕೂದಲಿನ ವಾಸನೆ ಕೊಟ್ಟು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಬೂದಿ ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಲ್ಲಿ ರೇಷ್ಮೆ ಸೀರೆ ನೇಯುವ ಮನೆಗಳಿವೆ. ನಮ್ಮ ಜಿಲ್ಲೆಯ ಮಗ್ಗದ ಸೀರೆಯನ್ನು ನಮ್ಮ ಮನೆಯ ಹೆಣ್ಣುಮಗಳಿಗೆ ಉಡಿಸಬೇಕು ಅನ್ನುವ ಆಸೆ ಇದ್ದವರು ಅಲ್ಲಿಗೇ ಹೋಗಿ ಬರಬಹುದು.

ವಯಸ್ಸಾದವರಿಗೆ ಮಾತ್ರ ಭಾರದ ರೇಷ್ಮೆ ಬೇಡ. ಒಗೆದಷ್ಟೂ ಮೆತ್ತಗಾಗುವ ಹತ್ತಿ ಸೀರೆ ಕೊಡಿ. ಗಂಜಿ ಹೆಚ್ಚಿದ್ದರೆ ನೀವೇ ಒಂದು ಸಲ ಒಗೆದು, ಇಸ್ತ್ರಿ ಮಾಡಿಸಿ ಕೊಡಿ.

ಚಿನ್ನದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಅಕ್ಷರ, ಅಂಕಿ ಸೇರಿ ಒಟ್ಟು ಆರು ಇರುವ, ಆ ಒಡವೆಗೆಂದೇ ಕೊಟ್ಟ ಎಚ್‌ಯುಐಡಿ ಗುರುತು ಇರಲೇಬೇಕು. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿ ಪರೀಕ್ಷಿಸಬಹುದು. 22 ಕ್ಯಾರೆಟ್‌ಗೆ 916 ಎಂದಿರುತ್ತದೆ. 2 ಗ್ರಾಂಗಿಂತ ಕಡಿಮೆ ತೂಕದ ಮಗುವಿನ ಓಲೆಯಂಥವಕ್ಕೆ ಹಾಲ್‌ಮಾರ್ಕ್ ಕಡ್ಡಾಯವಲ್ಲ, ಹಾಗಾಗಿ ಪರಿಚಯದ ಅಂಗಡಿಯಲ್ಲೇ ತೆಗೆದುಕೊಂಡು ಬಿಲ್ಲನ್ನು ಒಡವೆಯ ಜೊತೆಗೇ ಕೊಡಿ.

ಐದನೇ ಹೆಜ್ಜೆ: ನೆನಪುಗಳನ್ನು ಉಳಿಸಿ ಕೊಡಿ

ಹಣ ಕಡಿಮೆ, ಸಮಯ ಜಾಸ್ತಿ ಬೇಡುವ ಉಡುಗೊರೆ ಇದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಇದೇ.

ಪ್ರತಿ ಮನೆಯಲ್ಲೂ ಒಂದು ಹಳೆಯ ಕಪ್ಪು ಬಿಳುಪು ಫೋಟೋ ಇರುತ್ತದೆ. ಅಜ್ಜ ಅಜ್ಜಿ ಮದುವೆಯಾದ ಹೊಸತರಲ್ಲಿ ಸ್ಟುಡಿಯೋಗೆ ಹೋಗಿ ತೆಗೆಸಿದ್ದು. ಗೆದ್ದಲು ಹಿಡಿಯುವ ಮೊದಲು ಅದನ್ನು ಸ್ಟುಡಿಯೋದಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಕೀಳಲು ಹೋಗಬೇಡಿ, ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಕಲೆ, ಗೀರು ಸರಿಪಡಿಸುವಾಗ ಮುಖವನ್ನು ಬೆಳ್ಳಗೆ ನುಣ್ಣಗೆ ಮಾಡಬೇಡಿ ಅಂತ ಸ್ಟುಡಿಯೋದವರಿಗೆ ಗಟ್ಟಿಯಾಗಿ ಹೇಳಿ. ಅಜ್ಜನ ಹಣೆಯ ಗಾಯದ ಗುರುತು ಹೋದರೆ ಅದು ಅಜ್ಜನ ಫೋಟೋ ಆಗಿ ಉಳಿಯುವುದಿಲ್ಲ. ಮಕ್ಕಳಿಗೆಲ್ಲ ಒಂದೊಂದು ಪ್ರತಿ ತೆಗೆಸಿ, ಹಿಂದೆ ಪೆನ್ಸಿಲ್‌ನಲ್ಲಿ ಯಾರು ಯಾರು, ಯಾವ ಊರು ಅಂತ ಬರೆಯಿರಿ. ಚೌಕಟ್ಟು ಹಾಕಿಸಿದ ಮೇಲೆ ಮೊಳೆ, ಸುತ್ತಿಗೆ ನೀವೇ ತೆಗೆದುಕೊಂಡು ಹೋಗಿ. ಬಿಸಿಲು ಬೀಳದ ಗೋಡೆ ನೋಡಿ ಹಾಕಿ ಬನ್ನಿ.

ಧ್ವನಿಯೂ ಹಾಗೇ. ಅಜ್ಜಿಗೆ ಬರುವ ಸೋಬಾನೆ ಪದ, ಬೀಸುವಾಗ ಹೇಳುತ್ತಿದ್ದ ಪದ ಇನ್ಯಾರಿಗೂ ಬರುವುದಿಲ್ಲ. ಮಧ್ಯಾಹ್ನದ ಊಟವಾಗಿ ಮನೆ ಸದ್ದಿಲ್ಲದಿರುವಾಗ ಫ್ಯಾನ್ ಆರಿಸಿ, ಟಿ.ವಿ. ಆರಿಸಿ, ಮೊಬೈಲನ್ನು ಹತ್ತಿರ ಇಟ್ಟು ಮಾತಿಗೆಳೆಯಿರಿ. ‘ಹಳೇ ಕಾಲದ ಬಗ್ಗೆ ಹೇಳಿ’ ಅಂದರೆ ‘ಏನಿತ್ತಪ್ಪ ಹೇಳೋಕೆ’ ಅಂದುಬಿಡುತ್ತಾರೆ. ‘ಮಳೆ ಬರದ ವರ್ಷ ಏನು ಅಡುಗೆ ಮಾಡ್ತಿದ್ರಿ?’, ‘ಸಿದ್ಧಗಂಗೆ ಜಾತ್ರೆಗೆ ಗಾಡೀಲಿ ಯಾರ್ಯಾರು ಹೋಗ್ತಿದ್ರಿ?’ ಅಂತ ಕೇಳಿ. ಮಾತು ತಾನಾಗಿ ಬರುತ್ತದೆ. ರೆಕಾರ್ಡ್ ಮಾಡುತ್ತಿರುವುದನ್ನು ಅವರಿಗೆ ತಿಳಿಸಿಯೇ ಮಾಡಿ. ಕಡತವನ್ನು ಎರಡು ಕಡೆ ಉಳಿಸಿ. ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ಕೈಬರಹದಲ್ಲೇ ಬರೆದು, ಸೋದರತ್ತೆಗೋ ಚಿಕ್ಕಮ್ಮನಿಗೋ ಕೊಡಿ.

ಆರನೇ ಹೆಜ್ಜೆ: ಒಂದು ದಿನವನ್ನೇ ಕೊಡಿ

‘ಎಲ್ಲಿಗೂ ಹೋಗೇ ಇಲ್ಲ’ ಅನ್ನುವ ಅತ್ತೆಯನ್ನು ಗೊರವನಹಳ್ಳಿ ಮಹಾಲಕ್ಷ್ಮಿ ಗುಡಿಗೋ, ಯಡಿಯೂರಿಗೋ ಕರೆದುಕೊಂಡು ಹೋಗಿ ಬರುವುದು ಒಂದೇ ದಿನದ ಕೆಲಸ. ಆದರೆ ಆ ದಿನ ಪೂರ್ತಿ ಅವರದೇ ಆಗಿರಬೇಕು. ನಿಮ್ಮ ಫೋನ್ ಚೀಲದಲ್ಲಿರಲಿ. ಮಂಡಿ ನೋವಿದ್ದರೆ ದೇವರಾಯನದುರ್ಗದಲ್ಲಿ ಕೆಳಗಿನ ಭೋಗನರಸಿಂಹನ ದರ್ಶನ ಮಾಡಿಸಿ, ಬೆಟ್ಟದ ಮೇಲಿನ ಯೋಗನರಸಿಂಹನಿಗೆ ಅಲ್ಲಿಂದಲೇ ಕೈ ಮುಗಿಸಿ. ಆಮೇಲೆ ನಾಮದ ಚಿಲುಮೆಯ ಮರದ ನೆರಳಲ್ಲಿ ಕೂರಿಸಿ. ಬೆಳಿಗ್ಗೆ ಹೋಗುವಾಗಲೇ ಕ್ಯಾತ್ಸಂದ್ರದಲ್ಲಿ ಬಿಸಿ ತಟ್ಟೆ ಇಡ್ಲಿ ಆಗಿಹೋಗಲಿ. ಮಾತ್ರೆ, ನೀರು, ಶಾಲು, ಶೌಚಾಲಯ ಎಲ್ಲಿದೆ ಅನ್ನುವುದು, ಇದೆಲ್ಲ ನಿಮ್ಮ ತಲೆಯಲ್ಲಿರಲಿ. ಅವರು ಬರೀ ಕಿಟಕಿ ಪಕ್ಕ ಕೂತು ಬರಲಿ.

ಬಾಣಂತಿಯ ಮನೆಗೆ ಹೋಗುವಾಗ ಮಗುವಿಗೆ ಇನ್ನೊಂದು ಜುಬ್ಬ ಬೇಡ, ಸಾಕಷ್ಟು ಬಂದಿರುತ್ತವೆ. ಎರಡು ಗಂಟೆ ಮಗು ನೋಡಿಕೊಂಡು ತಾಯಿಗೆ ಮಲಗಲು ಬಿಡಿ. ಸಾವಾದ ಮನೆಯಲ್ಲಿ ಒಲೆ ಹಚ್ಚದ ದಿನ ಊಟ ಮಾಡಿ ತೆಗೆದುಕೊಂಡು ಹೋಗುವುದು ನಮ್ಮಲ್ಲಿ ಮೊದಲಿಂದ ಬಂದ ಪದ್ಧತಿ. ಪಾತ್ರೆ ತೊಳೆದು ಹಿಂದಿರುಗಿಸುವ ಹೊರೆ ಅವರಿಗೆ ಬೇಡ, ನೀವೇ ಮಾರನೇ ದಿನ ಹೋಗಿ ತಂದುಕೊಳ್ಳಿ.

ಏಳನೇ ಹೆಜ್ಜೆ: ಮಕ್ಕಳಿಗೆ ಬೆಳೆಯುವಂಥದ್ದು

ಹತ್ತು ವರ್ಷ ತುಂಬದ ಹೆಣ್ಣುಮಗುವಿನ ಹೆಸರಲ್ಲಿ ತಂದೆ ತಾಯಿ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು. 2015ರಲ್ಲಿ ಶುರುವಾದ ಯೋಜನೆ ಇದು. ವರ್ಷಕ್ಕೆ ಕನಿಷ್ಠ 250 ರೂಪಾಯಿ, ಗರಿಷ್ಠ ಒಂದೂವರೆ ಲಕ್ಷ. 15 ವರ್ಷ ಕಟ್ಟಬೇಕು, ಖಾತೆ ತೆರೆದು 21 ವರ್ಷಕ್ಕೆ ಅವಧಿ ಮುಗಿಯುತ್ತದೆ. ಸೋದರಮಾವನಾದ ನೀವು ಖಾತೆ ತೆರೆಯಲಾಗದಿದ್ದರೂ ಪ್ರತಿ ಹುಟ್ಟುಹಬ್ಬಕ್ಕೆ ಅದಕ್ಕೆಂದೇ ಒಂದಿಷ್ಟು ಕೊಡುತ್ತಾ ಬರಬಹುದು. ಮಗುವಿಗೆ ಈಗ ಇದು ಅರ್ಥವಾಗುವುದಿಲ್ಲ, ಹಾಗಾಗಿ ಜೊತೆಗೆ ಬಣ್ಣದ ಪೆನ್ಸಿಲೋ ಚಿತ್ರದ ಪುಸ್ತಕವೋ ಇರಲೇಬೇಕು.

ಜಾಗ ಇರುವವರಿಗೆ ಗಿಡ. ಹಲಸಿನ ಕಸಿ ಗಿಡ ಕೊಟ್ಟರೆ ಬೀಜದ ಗಿಡಕ್ಕಿಂತ ಬೇಗ ಫಲ ಬರುತ್ತದೆ, ತಾಯಿ ಮರದ ರುಚಿಯೂ ಹಾಗೇ ಇರುತ್ತದೆ. ಮುಂಗಾರು ಹಿಡಿದ ಮೇಲೆ ಹಾರೆ, ಗೊಬ್ಬರ ತೆಗೆದುಕೊಂಡು ಹೋಗಿ ಮಗುವಿನ ಜೊತೆ ನೀವೇ ನೆಡಿ. ಕಸಿ ಕಟ್ಟಿದ ಜಾಗ ಮಣ್ಣಿನಿಂದ ಮೇಲಿರಬೇಕು. ಅದರ ಕೆಳಗೆ ಬರುವ ಚಿಗುರನ್ನು ಆಗಾಗ ಚಿವುಟಬೇಕು. ದನ ಮೇಯದ ಹಾಗೆ ಬೇಲಿಯನ್ನೂ ಅವತ್ತೇ ಕಟ್ಟಿ ಬನ್ನಿ. ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿದವರಿಗೆ ಹಲಸು ಬೇಡ, ಕುಂಡದಲ್ಲಿ ಕರಿಬೇವು ಸಾಕು.

ಕೊನೆಗೆ, ಕೊಡುವ ಗಳಿಗೆ

ಬೆಲೆಯ ಚೀಟಿ ಕಿತ್ತುಹಾಕಿ. ಪಾತ್ರೆಯಾದರೆ ಅಂಗಡಿಯಲ್ಲೇ ಹೆಸರು ಕೆತ್ತಿಸಿ. ಆದರೆ ನಿಮ್ಮ ಹೆಸರಿಗಿಂತ ಅವರ ಹೆಸರು, ಆ ದಿನದ ತಾರೀಖು ದೊಡ್ಡದಾಗಿರಲಿ. ಹೆಣ್ಣುಮಕ್ಕಳಿಗೆ ಕೊಡುವಾಗ ಅರಿಶಿನ ಕುಂಕುಮ, ಎಲೆ ಅಡಿಕೆ ಜೊತೆಗಿಟ್ಟು ಕೊಡುವುದು ನಮ್ಮ ರೂಢಿ. ಒಂದು ಚೀಟಿಯಲ್ಲಿ ಎರಡು ಸಾಲು ಬರೆಯಿರಿ. ‘ಶುಭಾಶಯಗಳು’ ಅಂತಷ್ಟೇ ಬರೆದು ನಿಲ್ಲಿಸಬೇಡಿ. ‘ಅವತ್ತು ಲೋಟ ಕೈ ಸುಡುತ್ತೆ ಅಂದಿರಲ್ಲ ಅಜ್ಜಿ, ಅದಕ್ಕೆ ಇದು’ ಅಂತ ಬರೆಯಿರಿ. ತಮ್ಮ ಸಣ್ಣ ಮಾತೊಂದನ್ನು ಯಾರೋ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಅಂತ ಗೊತ್ತಾದಾಗ ಆ ಮುಖದಲ್ಲಿ ಬರುವ ಬೆಳಕು ಬೇರೆಯೇ.

ಒಬ್ಬರಿಗೆ ದೊಡ್ಡದು ಕೊಡುವಾಗ ಪಕ್ಕದಲ್ಲಿರುವ ವಾರಗಿತ್ತಿಯ ಮುಖವೂ ನಿಮ್ಮ ಗಮನದಲ್ಲಿರಲಿ. ಒಬ್ಬರೇ ಇರುವಾಗ ಕೊಡುವುದು ವಾಸಿ. ಕೊಟ್ಟ ಮೇಲೆ ‘ಬಳಸಿದಿರಾ?’ ಅಂತ ಮತ್ತೆ ಮತ್ತೆ ಕೇಳಬೇಡಿ. ಅವರು ಅದನ್ನು ಇನ್ನೊಬ್ಬರಿಗೆ ಕೊಟ್ಟರೂ ಬೇಸರ ಮಾಡಿಕೊಳ್ಳಬೇಡಿ, ಕೊಟ್ಟ ಮೇಲೆ ಅದು ಅವರದು.

ಏನು ಕೊಟ್ಟರೂ ಬೇಡ ಅನ್ನುವವರೂ ಇರುತ್ತಾರೆ, ಅದೂ ಮನಸಾರೆ. ಅಂಥವರ ಹುಟ್ಟಿದ ದಿನ ಅವರ ಹೆಸರಲ್ಲಿ ಸಿದ್ಧಗಂಗಾ ಮಠದ ದಾಸೋಹಕ್ಕೆ ಅಕ್ಕಿಯನ್ನೋ ಬೇಳೆಯನ್ನೋ ಕೊಡಬಹುದು. 1907ರಿಂದ 2019ರವರೆಗೆ ಬಾಳಿದ ಶಿವಕುಮಾರ ಸ್ವಾಮೀಜಿ ಬೆಳೆಸಿದ ಆ ದಾಸೋಹದಲ್ಲಿ ಸಾವಿರಾರು ಮಕ್ಕಳು ಊಟ ಮಾಡಿ ಓದುತ್ತಿದ್ದಾರೆ. ಹೋಗುವ ಮೊದಲು ಮಠದ ಕಚೇರಿಯಲ್ಲಿ ಯಾವ ಪದಾರ್ಥ ಬೇಕಾಗಿದೆ, ಯಾವ ಹೊತ್ತಿಗೆ ಬರಬೇಕು ಅಂತ ಕೇಳಿಕೊಳ್ಳಿ. ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅಕ್ಕಿ ಅವರ ಕೈಯಿಂದಲೇ ಹೋಗಲಿ, ಅಲ್ಲೇ ಪಂಕ್ತಿಯಲ್ಲಿ ಕೂತು ಊಟ ಮಾಡಿಕೊಂಡು ಬನ್ನಿ.